ದುಡ್ಡು ಕೈಗೆ ಬರದೆ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಬೇಡಿ

ಗಾರ್ಮೆಂಟ್ಸ್, ಗೋಡೌನ್, ಸೆಕ್ಯೂರಿಟಿ ಏಜೆನ್ಸಿ, ಹೌಸ್‌ಕೀಪಿಂಗ್ ಕೆಲಸದವರು, ಅವರ ಮನೆಯಲ್ಲಿ ಓದು ಬಲ್ಲವರು ಇದನ್ನು ಪೂರ್ತಿ ಓದಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಹೇಳಿದ್ದನ್ನೇ ಹೇಳಿದರೆ ಸಹಿಸಿಕೊಳ್ಳಿ.

ತುಮಕೂರು ರಸ್ತೆ ಕಡೆಯ ಒಂದು ಗಾರ್ಮೆಂಟ್ಸ್. ಪ್ರಕರಣ ನಡೆಯುತ್ತಿರುವುದರಿಂದ ಹೆಸರು ಬರೆಯುವುದಿಲ್ಲ. ಮೋಸ ಹೋದಾಕೆ ಅಲ್ಲಿ ಟೈಲರ್. 2017ರ ಜುಲೈನಿಂದ 2024ರ ಮಾರ್ಚ್‌ವರೆಗೆ, ಅಂದರೆ 6 ವರ್ಷ 8 ತಿಂಗಳು ದುಡಿದವರು. ಅವರ ಗ್ರಾಚ್ಯುಟಿ (ಐದು ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಮಾಲೀಕ ಕೊಡಬೇಕಾದ ಹಣ) ಅರ್ಜಿ ಬರೆದುಕೊಟ್ಟವನು ನಾನು. ಅದರಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ನಾಚಿಕೆ ಬಿಟ್ಟು ಇಲ್ಲೇ ಹೇಳುತ್ತೇನೆ.

ಮೊದಲು ಆ ಸಹಿಯ ವಿಷಯ.

ಮಾರ್ಚ್ 28, ಗುರುವಾರ. ಊಟದ ಬೆಲ್ಲಿಗೆ ಹತ್ತು ನಿಮಿಷ ಇದೆ ಅನ್ನುವಾಗ ಲೈನಿನಿಂದ ಐದೈದು ಜನರನ್ನು ಎಚ್‌ಆರ್ ಕ್ಯಾಬಿನ್ನಿಗೆ ಕರೆದರು. ಮೊಬೈಲು ಗೇಟಿನಲ್ಲೇ ಇಟ್ಟು ಬರಬೇಕಲ್ಲ, ಹಾಗಾಗಿ ಯಾರ ಕೈಯಲ್ಲೂ ಫೋನಿಲ್ಲ, ಫೋಟೋ ತೆಗೆಯುವ ಮಾತೇ ಇಲ್ಲ. ಮೇಜಿನ ಮೇಲೆ ನಾಲ್ಕು ಕಾಗದ. ಒಂದು, ‘ಸ್ವಂತ ಕಾರಣಕ್ಕೆ ಕೆಲಸ ಬಿಡುತ್ತಿದ್ದೇನೆ’ ಎಂದು ಇಂಗ್ಲಿಷಿನಲ್ಲಿ ಟೈಪಾದ ರಾಜೀನಾಮೆ. ಇನ್ನೊಂದು ಫುಲ್ ಅಂಡ್ ಫೈನಲ್ ಲೆಕ್ಕದ ಹಾಳೆ, ಅದರಲ್ಲಿ ಅಂಕಿಯೇ ಇಲ್ಲ. ಮೂರನೆಯದು ‘ನನಗೆ ಯಾವ ಬಾಕಿಯೂ ಇಲ್ಲ’ ಎಂಬ ನೋ ಡ್ಯೂಸ್. ನಾಲ್ಕನೆಯದು ಕ್ಯಾಶ್ ವೋಚರ್: ಮೊತ್ತದ ಜಾಗ ಖಾಲಿ, ತಾರೀಕಿನ ಜಾಗ ಖಾಲಿ, ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಮಾತ್ರ ಮೊದಲೇ ಅಂಟಿಸಿ ಇಟ್ಟಿತ್ತು.

ಖಾಲಿ ಇದೆಯಲ್ಲ ಎಂದು ಆಕೆ ಕೇಳಿದ್ದಾರೆ. ಕೇಳಲಿಲ್ಲ ಅಂತಲ್ಲ, ಕೇಳಿದ್ದಾರೆ. ‘ಅದು ಫಾರ್ಮಾಲಿಟಿ ಅಷ್ಟೇ ಅಮ್ಮಾ. ಸೈನ್ ಆದ್ರೆ ತಾನೆ ಫೈಲ್ ಮೂವ್ ಆಗೋದು? ಹತ್ತನೇ ತಾರೀಕು ಅಕೌಂಟಿಗೆ ಬೀಳುತ್ತೆ. ಸೈನ್ ಹಾಕದವರದ್ದು ಲೇಟಾಗುತ್ತೆ, ಆಮೇಲೆ ನಮ್ಮನ್ನ ಕೇಳ್ಬೇಡಿ.’ ಹಿಂದೆ ಇನ್ನೂ ನಾಲ್ಕು ಜನ ಸಾಲಿನಲ್ಲಿ, ಊಟದ ಬೆಲ್ ಹೊಡೆಯಿತು. ಆಕೆ ಸಹಿ ಹಾಕಿದರು. ಸ್ಟಾಂಪಿನ ಮೇಲೂ.

ಆ ಯೂನಿಟ್ ಮುಚ್ಚುವುದಿತ್ತು. ಹಾಗೆ ಮುಚ್ಚುವವರಿಗೆ ರಾಜೀನಾಮೆಯ ಮೇಲೆ ಇಷ್ಟು ಪ್ರೀತಿ ಯಾಕೆ ಗೊತ್ತೇ? ಆಗಿನ ಕಾಯ್ದೆಯಲ್ಲಿ 100 ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಮುಚ್ಚಬೇಕಾದರೆ 90 ದಿನ ಮೊದಲೇ ಸರ್ಕಾರಕ್ಕೆ ಅರ್ಜಿ ಹಾಕಿ ಅನುಮತಿ ಪಡೆಯಬೇಕಿತ್ತು. ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳದಂತೆ ಪರಿಹಾರ, ಅದೂ ಗ್ರಾಚ್ಯುಟಿ ಬಿಟ್ಟು ಬೇರೆ. ಎಲ್ಲರೂ ತಾವಾಗಿಯೇ ರಾಜೀನಾಮೆ ಕೊಟ್ಟರೆಂದರೆ ಅನುಮತಿಯೂ ಬೇಡ, ಪರಿಹಾರವೂ ಬೇಡ. ಒಂದು ಹಾಳೆಯಲ್ಲಿ ಎರಡು ಖರ್ಚು ಉಳಿಯಿತು. (ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ 100 ಈಗ 300 ಆಗಿದೆ. ಸಣ್ಣ ಯೂನಿಟ್ಟಿನವರಿಗೆ ಆ ರಕ್ಷಣೆಯೂ ಹೋಯಿತು.)

ಏಪ್ರಿಲ್ ಹತ್ತು ಬಂತು, ಹೋಯಿತು. ಆಮೇಲೆ ಬಂದ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ಯಾಕೆಂದರೆ ನಿಮಗೂ ಇವೇ ಬರುತ್ತವೆ. ಏಪ್ರಿಲ್‌ನಲ್ಲಿ, ‘ಹೆಡ್ ಆಫೀಸಲ್ಲಿ ಅಪ್ರೂವಲ್‌ಗಿದೆ.’ ಮೇ ತಿಂಗಳಲ್ಲಿ, ‘ಅಕೌಂಟೆಂಟ್ ರಜೆ.’ ಮತ್ತೆ ಮೇ ತಿಂಗಳಲ್ಲೇ, ‘ಎಲ್ಲಾರದ್ದೂ ಒಟ್ಟಿಗೆ ಹಾಕ್ತೀವಿ, ಒಬ್ಬೊಬ್ಬರದ್ದೇ ಹಾಕೋಕಾಗಲ್ಲ.’ ಜೂನ್‌ನಲ್ಲಿ ವಾಟ್ಸ್ಯಾಪಿನಲ್ಲಿ ಕೊನೆಗೂ ಬರಹದಲ್ಲಿ ಒಂದು ಉತ್ತರ ಬಂತು: ‘ನಿಮ್ಮ ಸರ್ವೀಸ್ 2 ವರ್ಷ 7 ತಿಂಗಳು. 5 ವರ್ಷ ಆಗಿಲ್ಲ. ಗ್ರಾಚ್ಯುಟಿ ಬರಲ್ಲ.’

ಆರು ವರ್ಷ ಎಂಟು ತಿಂಗಳು ಎರಡೂವರೆ ವರ್ಷ ಆದದ್ದು ಹೇಗೆ? ಸೇವೆಯಲ್ಲಿ ಬ್ರೇಕ್. 2021ರ ಆಗಸ್ಟ್ 28ರಂದು ಆಕೆಯಿಂದ ರಾಜೀನಾಮೆ ಬರೆಸಿಕೊಂಡು, ಸೆಪ್ಟೆಂಬರ್ 1ಕ್ಕೆ ಹೊಸ ಟೋಕನ್ ನಂಬರ್ ಕೊಟ್ಟು ಅದೇ ಮಷೀನಿಗೆ ಕೂರಿಸಿದ್ದರು. ‘ಪಿಎಫ್ ತೆಗೆಯೋಕೆ ಅನುಕೂಲ’ ಎಂದು ಅವತ್ತು ಹೇಳಿದ್ದರಂತೆ. ಐದು ವರ್ಷ ತುಂಬುವ ಮೊದಲು ಹೀಗೆ ಕತ್ತರಿಸುವುದು ಈ ಧಂದೆಯಲ್ಲಿ ಹಳೆಯ ಆಟ. ಇದಕ್ಕೆ ಮದ್ದು ಪಿಎಫ್ ಪಾಸ್‌ಬುಕ್ಕಿನಲ್ಲೇ ಇದೆ. ಯುಎಎನ್ (ಕಾರ್ಮಿಕರ ಖಾಯಂ ಪಿಎಫ್ ಸಂಖ್ಯೆ) ಒಂದೇ, ಅದರ ಕೆಳಗೆ ಮೆಂಬರ್ ಐಡಿ ಎರಡು, ಆದರೆ 2017ರಿಂದ ಒಂದು ತಿಂಗಳೂ ತಪ್ಪದೆ ವಂತಿಗೆ ಬಿದ್ದಿದೆ. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ನಂಬರೂ ಬದಲಾಗಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೂ ಸಂಬಳ ತಿಂಗಳು ತಿಂಗಳು ಬಂದಿದೆ. ಮೂರನ್ನೂ ಪ್ರಿಂಟ್ ತೆಗೆದು ಅರ್ಜಿಗೆ ಲಗತ್ತಿಸಿದೆವು. ಕಾರ್ಖಾನೆಯ ದಾಖಲೆ ನಿಮ್ಮ ಕೈಗೆ ಸಿಗುವುದಿಲ್ಲ. ಈ ಮೂರು ಸಿಗುತ್ತವೆ, ಇವನ್ನು ಅವರು ತಿದ್ದಲಾಗುವುದಿಲ್ಲ.

ಈಗ ಲೆಕ್ಕ. ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 13,000 ರೂಪಾಯಿ. ಗ್ರಾಚ್ಯುಟಿಗೆ ಅದನ್ನು 26ರಿಂದ ಭಾಗಿಸಬೇಕು, 30ರಿಂದ ಅಲ್ಲ. ದಿನಕ್ಕೆ 500, 15 ದಿನಕ್ಕೆ 7,500. ಆರು ತಿಂಗಳು ಮೀರಿದ ಭಾಗ ಪೂರ್ತಿ ವರ್ಷವಾಗುತ್ತದೆ, ಹಾಗಾಗಿ 6 ವರ್ಷ 8 ತಿಂಗಳು ಅಂದರೆ 7. ಒಟ್ಟು 52,500. ಕಂಪನಿಯ ಲೆಕ್ಕದಲ್ಲಿ 30ರಿಂದ ಭಾಗಿಸಿ, ಎಂಟು ತಿಂಗಳನ್ನು ನುಂಗಿದರೆ 6,500 ಗುಣಿಸು 6, ಅಂದರೆ 39,000. ಈ 39,000ವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

2025ರ ನವೆಂಬರ್ 21ಕ್ಕೆ ಮೊದಲು ಕೆಲಸ ಬಿಟ್ಟವರಿಗೆ 1972ರ ಹಳೆಯ ಗ್ರಾಚ್ಯುಟಿ ಕಾಯ್ದೆಯಲ್ಲಿ ಅರ್ಜಿಯ ದಾರಿ ಹೀಗೆ. ಮೊದಲು ಕಂಪನಿಗೆ ಫಾರ್ಮ್ ‘ಐ’, ಕೆಲಸ ಬಿಟ್ಟ 30 ದಿನದೊಳಗೆ. ತಡವಾಯಿತೆಂದು ಸುಮ್ಮನಾಗಬೇಡಿ, ತಡವಾದದ್ದಕ್ಕೇ ಹಕ್ಕು ಬಿದ್ದುಹೋಗುವುದಿಲ್ಲ. ಅಸಲಿಗೆ ನೀವು ಕೇಳಿದರೂ ಕೇಳದಿದ್ದರೂ ಲೆಕ್ಕ ಹಾಕಿ ಕೊಡುವುದು ಮಾಲೀಕನ ಕರ್ತವ್ಯ, ಕಾಯ್ದೆಯ 7ನೇ ಕಲಮಿನಲ್ಲೇ ಹಾಗಿದೆ. ಕಂಪನಿ 30 ದಿನದಲ್ಲಿ ಕೊಡದಿದ್ದರೆ ಅಥವಾ ಇಲ್ಲ ಅಂದರೆ, 90 ದಿನದೊಳಗೆ ಫಾರ್ಮ್ ‘ಎನ್’ ತುಂಬಿ ನಿಯಂತ್ರಣ ಪ್ರಾಧಿಕಾರಕ್ಕೆ ಕೊಡಬೇಕು. ಸಾಮಾನ್ಯವಾಗಿ ಅದು ಸಹಾಯಕ ಕಾರ್ಮಿಕ ಆಯುಕ್ತರು. 90 ದಿನ ಮೀರಿದ್ದರೆ ಕಾರಣ ಬರೆದು ವಿಳಂಬ ಮನ್ನಾ ಅರ್ಜಿ ಜೊತೆಗಿಡಿ.

ಫಾರ್ಮ್ ‘ಐ’ ಅನ್ನು ಗೇಟಿನಲ್ಲಿ ಕೊಟ್ಟು ಬರಬೇಡಿ. ವಾಚ್‌ಮನ್ ಇಸಿದುಕೊಳ್ಳುತ್ತಾನೆ, ಸೀಲು ಹಾಕುವುದಿಲ್ಲ, ಆಮೇಲೆ ‘ನಮಗೆ ಬಂದೇ ಇಲ್ಲ’. ಅಂಚೆಯಲ್ಲೇ ಕಳಿಸಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ, ಹಾಗಾಗಿ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ದಾಖಲೆ ಬೇಕೆಂದು ಕೌಂಟರಿನಲ್ಲೇ ಕೇಳಿ. ರಸೀದಿಯ ಶಾಯಿ ಮೂರು ತಿಂಗಳಲ್ಲಿ ಮಾಸುತ್ತದೆ. ಅವತ್ತೇ ಜೆರಾಕ್ಸ್ ಮಾಡಿಸಿ.

ಇನ್ನು ನನ್ನ ತಪ್ಪು. ಫಾರ್ಮ್ ‘ಎನ್’ ಅನ್ನು ರಾಜ್ಯದ ಕಾರ್ಮಿಕ ಇಲಾಖೆಯಲ್ಲಿ, ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಕೊಡಿಸಿದೆ. ಗಾರ್ಮೆಂಟ್ಸ್ ಅಂದರೆ ರಾಜ್ಯ ಅಂದುಕೊಂಡೆ. ಸಂಬಳದ ದೂರಿಗೆ, ಕನಿಷ್ಠ ವೇತನಕ್ಕೆ ಅದು ಸರಿ. ಗ್ರಾಚ್ಯುಟಿಗೆ ಮಾತ್ರ ಒಂದು ಕೊಕ್ಕೆಯಿದೆ: ಸಂಸ್ಥೆಗೆ ಒಂದಕ್ಕಿಂತ ಹೆಚ್ಚು ರಾಜ್ಯದಲ್ಲಿ ಶಾಖೆ ಇದ್ದರೆ ಸೂಕ್ತ ಸರ್ಕಾರ ಅಂದರೆ ಕೇಂದ್ರ. ಆಗ ಹೋಗಬೇಕಾದದ್ದು ಕೇಂದ್ರದ ಸಹಾಯಕ ಕಾರ್ಮಿಕ ಆಯುಕ್ತರ ಬಳಿಗೆ, ಬೆಂಗಳೂರಿನಲ್ಲಿ ಯಶವಂತಪುರದ ಶ್ರಮ ಸದನಕ್ಕೆ. ಈ ಕಂಪನಿಗೆ ಹೊಸೂರಿನಲ್ಲಿ ಇನ್ನೊಂದು ಯೂನಿಟ್ ಇತ್ತು. ಹೊಸೂರು ಅಂದರೆ ತಮಿಳುನಾಡು. ಅತ್ತಿಬೆಲೆ ದಾಟಿದರೆ ಸಿಗುವ ಊರು, ತಲೆಗೆ ಹೊಳೆಯಲೇ ಇಲ್ಲ.

ಕಂಪನಿಯ ವಕೀಲರಿಗೆ ಇದು ಮೊದಲ ದಿನವೇ ಗೊತ್ತಿತ್ತು. ಹೇಳಿದರೇ? ಮೊದಲ ಹಿಯರಿಂಗಿನಲ್ಲಿ ವಕಾಲತ್ತು ಹಾಕಲು ಸಮಯ ಕೇಳಿದರು. ಎರಡನೆಯದರಲ್ಲಿ ತಕರಾರು ಸಲ್ಲಿಸಲು ಸಮಯ. ಮೂರನೆಯದಕ್ಕೆ ಬರಲೇ ಇಲ್ಲ. ನಾಲ್ಕನೆಯದರಲ್ಲಿ ಒಂದೂವರೆ ಪುಟದ ಕಾಗದ ಕೊಟ್ಟರು: ‘ಈ ಪ್ರಾಧಿಕಾರಕ್ಕೆ ವ್ಯಾಪ್ತಿಯಿಲ್ಲ.’ ಹೊರಗೆ ಕಾರಿಡಾರಿನಲ್ಲಿ ನಗುನಗುತ್ತಾ, ‘ಸರಿಯಾದ ಕಡೆ ಹಾಕಿ ಸಾರ್, ನಾವು ಅಲ್ಲೂ ಬರ್ತೀವಿ’ ಅಂದರು. ಎಂಟು ತಿಂಗಳು ಮಣ್ಣುಪಾಲು. ಆಕೆಗೆ ಇದನ್ನು ಹೇಳುವಾಗ ನನ್ನ ಮುಖ ಎತ್ತಲಾಗಲಿಲ್ಲ.

ಮತ್ತೆ ಹೊಸದಾಗಿ ಯಶವಂತಪುರದಲ್ಲಿ ಅರ್ಜಿ. ವಿಳಂಬಕ್ಕೆ ಕಾರಣವಾಗಿ ಹಳೆಯ ಪ್ರಕರಣದ ಆರ್ಡರ್ ಶೀಟಿನ ದೃಢೀಕೃತ ನಕಲು ಲಗತ್ತಿಸಿದೆವು. ಅರ್ಜಿ ಹಾಕುವ ಮೊದಲು ಕಂಪನಿಯ ಲೆಟರ್‌ಹೆಡ್, ಸಂಬಳದ ಚೀಟಿ, ವೆಬ್‌ಸೈಟ್ ನೋಡಿ. ಬೇರೆ ರಾಜ್ಯದ ಒಂದು ವಿಳಾಸ ಕಂಡರೂ ವಿಚಾರಿಸಿ. ರಾಜ್ಯದ ಕಾರ್ಮಿಕ ಸಹಾಯವಾಣಿ 155214 ಇದೆ, ಕೇಳಿ ನೋಡಿ. ಆದರೆ ಫೋನಿನಲ್ಲಿ ಹೇಳಿಕೊಂಡದ್ದು ಅರ್ಜಿಯಾಗುವುದಿಲ್ಲ, ವಾಯಿದೆ ನಿಲ್ಲುವುದಿಲ್ಲ.

ಅಲ್ಲಿಗೆ ಬಂದಾಗ ವೋಚರ್ ಹೊರಬಿತ್ತು. ಅದೇ ಖಾಲಿ ವೋಚರ್. ಈಗ ಅದರಲ್ಲಿ ‘ಗ್ರಾಚ್ಯುಟಿ ಬಾಬ್ತು ನಗದು ರೂ. 39,000’ ಎಂದು ಬರೆದಿದೆ. ಸಹಿ ನೀಲಿ ಪೆನ್ನಿನದು, ಮೊತ್ತ ಕಪ್ಪು ಪೆನ್ನಿನದು. ಆಕೆ ಅದನ್ನು ನೋಡಿ, ‘ಇದು ನನ್ನ ಸೈನೇ, ಆದ್ರೆ ದುಡ್ಡು ನಾನು ನೋಡೇ ಇಲ್ಲ ಸಾರ್’ ಅಂದರು. ಎದುರಿನವರ ಉತ್ತರ ಒಂದೇ: ‘ಸೈನ್ ನಿಮ್ದೇ ಅಂತ ಒಪ್ಕೊಂಡ್ರಲ್ಲ, ಸಾಕು.’

ಸಾಕಾಗಲಿಲ್ಲ. ವೋಚರಿನ ತಾರೀಕು 31-3-2024. ಅದು ಭಾನುವಾರ, ಕಾರ್ಖಾನೆಗೆ ವಾರದ ರಜೆ. ಇನ್ನು 39,000 ಎಂಬ ಅಂಕಿ: ಅದು ಆರು ವರ್ಷದ ಸೇವೆ ಹಿಡಿದರೆ ಮಾತ್ರ ಬರುವ ಮೊತ್ತ. 2 ವರ್ಷ 7 ತಿಂಗಳು ಎಂದು ವಾಟ್ಸ್ಯಾಪ್ ಮಾಡಿದವರು ಯಾರು? ಮಾರ್ಚ್‌ನಲ್ಲೇ ದುಡ್ಡು ಕೊಟ್ಟಿದ್ದರೆ ಜೂನ್‌ನಲ್ಲಿ ‘ಬರಲ್ಲ’ ಎಂದದ್ದು ಯಾಕೆ? ಎಲ್ಲಕ್ಕಿಂತ ಮುಖ್ಯ, ಗ್ರಾಚ್ಯುಟಿ ನಿಗದಿಯಾದ ಕೂಡಲೇ ಮೊತ್ತ ಬರೆದು ಕಾರ್ಮಿಕನಿಗೂ ಪ್ರಾಧಿಕಾರಕ್ಕೂ ಲಿಖಿತ ನೋಟಿಸ್ ಕೊಡಬೇಕು, ಅದು ಫಾರ್ಮ್ ‘ಎಲ್’. ಇಲ್ಲ ಅನ್ನುವುದಾದರೆ ಕಾರಣ ಬರೆದು ಫಾರ್ಮ್ ‘ಎಂ’. ಎರಡೂ ಇಲ್ಲ. ಆ ದಿನದ ಕ್ಯಾಶ್ ಬುಕ್ ಹಾಜರುಪಡಿಸಿ ಎಂದು ಅರ್ಜಿ ಹಾಕಿದೆವು. ‘ಹಳೇ ಪುಸ್ತಕ, ಹುಡುಕ್ತಾ ಇದ್ದೀವಿ’ ಎಂಬಲ್ಲಿಗೆ ಬಂದು ನಿಂತಿದೆ.

ಹಾಗಾಗಿ ವಾಟ್ಸ್ಯಾಪ್ ಸಂದೇಶ ಅಳಿಸಬೇಡಿ. ಸ್ಕ್ರೀನ್‌ಶಾಟ್ ಒಂದೇ ಸಾಲದು, ಸಂದೇಶ ಬಂದ ಫೋನೇ ಇರಬೇಕು. ವಿದ್ಯುನ್ಮಾನ ಸಾಕ್ಷ್ಯಕ್ಕೆ ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಕೇಳುತ್ತಾರೆ. ಆಕೆ ಪುಣ್ಯಕ್ಕೆ ಫೋನ್ ಎಕ್ಸ್‌ಚೇಂಜ್ ಮಾಡಿರಲಿಲ್ಲ. ಹಬ್ಬದ ಆಫರಿನಲ್ಲಿ ಮಾಡುವವರಿದ್ದರಂತೆ.

ಸಹಿ ಹಾಕಿಬಿಟ್ಟವರಿಗೂ ಒಂದು ಮಾತು. ‘ನೋ ಡ್ಯೂಸ್ ಬರೆದುಕೊಟ್ಟಿದ್ದೀರಿ, ಮುಗೀತು’ ಅಂದರೆ ನಂಬಬೇಡಿ. ಆ ಹಳೆಯ ಗ್ರಾಚ್ಯುಟಿ ಕಾಯ್ದೆ ಬೇರೆ ಯಾವ ಒಪ್ಪಂದಕ್ಕಿಂತಲೂ ಮೇಲು ಎಂದು ಅದರ 14ನೇ ಕಲಮೇ ಹೇಳುತ್ತದೆ. ತಡವಾದರೆ ಶೇ. 10 ಸರಳ ಬಡ್ಡಿ. ಆದೇಶ ಬಂದ ಮೇಲೆ ಮೇಲ್ಮನವಿಗೆ ಹೋಗಬೇಕಾದರೆ ಕಂಪನಿ ಮೊದಲು ಪೂರ್ತಿ ಮೊತ್ತ ಠೇವಣಿ ಇಡಬೇಕು. ಆದೇಶವಾದರೂ ಕೊಡದಿದ್ದರೆ ಫಾರ್ಮ್ ‘ಟಿ’ ಕೊಡಿ, ಜಿಲ್ಲಾಧಿಕಾರಿಯ ಮೂಲಕ ಭೂಕಂದಾಯ ಬಾಕಿಯಂತೆ ವಸೂಲಿ. ಅಷ್ಟು ಗಟ್ಟಿ ಕಾಯ್ದೆ ಇದ್ದೂ ಅವರು ಗೆಲ್ಲುವುದು ಕಾಯಿಸಿ ಕಾಯಿಸಿ ಸುಸ್ತು ಮಾಡಿ. ಒಂದು ಹಿಯರಿಂಗಿಗೆ ಒಂದು ದಿನದ ಕೂಲಿ ಹೋಗುತ್ತದೆ, ಅದು ಅವರಿಗೂ ಗೊತ್ತು.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಅದಾದ ಮೇಲೆ ಕೆಲಸ ಬಿಟ್ಟವರಿಗೆ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಸಿಗಬೇಕು, ರಾಜೀನಾಮೆ ಕೊಟ್ಟಿದ್ದರೂ ಸರಿ. ‘45 ದಿನ ಆಗುತ್ತೆ, ಕಂಪನಿ ಪಾಲಿಸಿ’ ಎಂಬ ಮಾತಿಗೆ ಈಗ ಬೆಲೆಯಿಲ್ಲ. ಸಂಬಳ ಬಾಕಿಯ ದೂರಿಗೆ ಮೊದಲು 12 ತಿಂಗಳ ಗಡುವಿತ್ತು, ಈಗ ಮೂರು ವರ್ಷ. ಕೆಲಸದಿಂದ ತೆಗೆದ ವಿವಾದಕ್ಕೆ ಮಾತ್ರ ಉಲ್ಟಾ: ಮೂರು ವರ್ಷ ಇದ್ದದ್ದು ಎರಡಾಗಿದೆ. ಮೊದಲು ಸಂಧಾನಾಧಿಕಾರಿಗೆ ಅರ್ಜಿ, 45 ದಿನದಲ್ಲಿ ಇತ್ಯರ್ಥವಾಗದಿದ್ದರೆ ನೇರ ನ್ಯಾಯಮಂಡಳಿಗೆ ಹೋಗಬಹುದು. ನಿಗದಿತ ಅವಧಿಯ ಒಪ್ಪಂದದಲ್ಲಿ ದುಡಿಯುವವರಿಗೆ ಗ್ರಾಚ್ಯುಟಿ ಒಂದೇ ವರ್ಷಕ್ಕೆ ಸಿಗುತ್ತದೆ. ಇದನ್ನು ಎಷ್ಟು ಕಂಪನಿ ತಾನಾಗಿ ಹೇಳುತ್ತದೋ ನೋಡೋಣ.

ಪಿಎಫ್ ವಿಷಯ ಬೇರೆಯೇ ದಾರಿ, ಕಾರ್ಮಿಕ ಇಲಾಖೆಗೆ ಬರೆದರೆ ಸುತ್ತಾಟ. ಪ್ರತಿ ತಿಂಗಳ ವಂತಿಗೆ ಮುಂದಿನ ತಿಂಗಳ 15ರೊಳಗೆ ಬೀಳಬೇಕು. ಬಿದ್ದಿಲ್ಲ ಅಂದರೆ ಇಪಿಎಫ್‌ಒ (ಪಿಎಫ್ ನೋಡಿಕೊಳ್ಳುವ ಕೇಂದ್ರ ಸಂಸ್ಥೆ) ಕುಂದುಕೊರತೆ ಪೋರ್ಟಲ್‌ನಲ್ಲಿ ಹಾಕಿ, ನೋಂದಣಿ ಸಂಖ್ಯೆ ಬರೆದಿಡಿ. ಕೆಲಸ ಬಿಟ್ಟ ತಾರೀಕನ್ನು ಕಂಪನಿ ಹಾಕದೆ ಸತಾಯಿಸಿದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳ ಮೇಲೆ ನೀವೇ ಹಾಕಿಕೊಳ್ಳಬಹುದು. ಸಂಬಳದಲ್ಲಿ ಹಿಡಿದು ಕಟ್ಟದಿದ್ದರೆ ಅದು ಕ್ರಿಮಿನಲ್ ವಿಷಯ. ಉಳಿದದ್ದಕ್ಕೆಲ್ಲ ಪೊಲೀಸ್ ಠಾಣೆಗೆ ಹೋದರೆ ‘ಸಿವಿಲ್ ಮ್ಯಾಟರ್’ ಎಂದು ಕಳಿಸುತ್ತಾರೆ. ಪಿಎಫ್‌ಗಾಗಿ 2016ರ ಏಪ್ರಿಲ್‌ನಲ್ಲಿ ಇದೇ ಗಾರ್ಮೆಂಟ್ಸ್ ಹೆಂಗಸರು ಬೆಂಗಳೂರಿನ ರಸ್ತೆಗಳಲ್ಲಿ ಕೂತು ಕೇಂದ್ರದ ನಿಯಮವನ್ನೇ ವಾಪಸ್ ತೆಗೆಸಿದ್ದರು. ಅಂಥವರ ಗುಂಪು ಒಡೆದು ಕ್ಯಾಬಿನ್ನಿಗೆ ಕರೆದರೆ ಮಾತ್ರ ಸಹಿ ಬೀಳುವುದು, ಐದೈದು ಜನರ ಲೆಕ್ಕ ಅದಕ್ಕೇ.

ಸಹಿ ಹಾಕಲೇಬೇಕಾಗಿ ಬಂದರೆ, ಸಹಿಯ ಪಕ್ಕದಲ್ಲಿ ಕನ್ನಡದಲ್ಲೇ ‘ಹಣ ಪಡೆದಿಲ್ಲ’ ಎಂದು ಬರೆದು ತಾರೀಕು ಹಾಕಿ. ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆಯಿರಿ. ಬೈಯುತ್ತಾರೆ, ಬೈಯಲಿ.

ಮೊನ್ನೆ ಕಂಪನಿಯಿಂದ ಆಕೆಗೆ ಮತ್ತೆ ಫೋನ್ ಬಂದಿತ್ತು. ಕೇಸು ವಾಪಸ್ ತೆಗೆದುಕೊಂಡರೆ 20,000 ಕೊಡುತ್ತಾರಂತೆ. ಯಾವಾಗ ಎಂದು ಕೇಳಿದ್ದಾರೆ. ‘ಮೊದ್ಲು ಬಂದು ಒಂದು ಸೈನ್ ಮಾಡಿ ಹೋಗಿ ಅಮ್ಮಾ, ಹತ್ತನೇ ತಾರೀಕು ಅಕೌಂಟಿಗೆ ಬೀಳುತ್ತೆ.’