ಬದನೆ ಹೂವಿನ ಬಣ್ಣ, ಇಳಕಲ್ಲಿನ ಬೋರ್ಡಿಲ್ಲದ ಬಣ್ಣದ ಮನೆ

ಇದು ಸೀರೆ ಅಂಗಡಿಯ ರಿವ್ಯೂ ಅಲ್ಲ. ಸೀರೆಯ ನೂಲಿಗೆ ಬಣ್ಣ ಹಾಕುವ ಮನೆಯ ರಿವ್ಯೂ. ಇಳಕಲ್ ಸೀರೆ ಕೊಳ್ಳುವಾಗ ನಾವೆಲ್ಲ ದಡಿ ನೋಡುತ್ತೇವೆ, ಸೆರಗು ಬಿಚ್ಚಿಸಿ ನೋಡುತ್ತೇವೆ, ರೇಷ್ಮೆ ಅಸಲಿಯಾ ಅಂತ ಹತ್ತು ಸಲ ಕೇಳುತ್ತೇವೆ. ಬಣ್ಣ ಯಾರು ಹಾಕಿದ್ದು ಅಂತ ಮಾತ್ರ ಯಾರೂ ಕೇಳುವುದಿಲ್ಲ. ನಾನೂ ಕೇಳುತ್ತಿರಲಿಲ್ಲ, ಹೋದ ವರ್ಷದ ಯುಗಾದಿ ತನಕ.

ಯುಗಾದಿಗೆ ಬಾಗಲಕೋಟೆಯ ಒಂದು ಅಂಗಡಿಯಲ್ಲಿ ಅವ್ವನಿಗೆ ಸೀರೆ ತಂದಿದ್ದೆ. ಹೆಸರು ಬೇಡ ಬಿಡಿ. ಇಳಕಲ್ ಸೆರಗು ಗೊತ್ತಲ್ವಾ, ಕೆಂಪು ನೆಲ, ಅದರ ಮೇಲೆ ಬಿಳಿ ತೆನೆ. ಮೊದಲ ಸಲ ನೀರಿಗೆ ಹಾಕಿದ್ದೇ ತಡ, ಬಕೆಟ್ ಪೂರ್ತಿ ಕೆಂಪು, ಒಣಗಿದ ಮೇಲೆ ನೋಡಿದರೆ ಬಿಳಿ ತೆನೆಯೆಲ್ಲ ಗುಲಾಬಿ ಶರಬತ್ತಿನ ಬಣ್ಣ. ಅಂಗಡಿಯವರನ್ನು ಕೇಳಿದರೆ "ಮೊದಲನೇ ಸಲ ಉಪ್ಪು ನೀರಾಗ ಅದ್ದಬೇಕಿತ್ರಿ, ನೀವ ತಪ್ಪು ಮಾಡೀರಿ" ಅಂದರು. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವವಳು. ನೂಲಿಗೆ ಸರಿಯಾಗಿ ಹತ್ತದ ಬಣ್ಣವನ್ನು ಮನೆಯ ಬಕೆಟ್ಟಿನ ಉಪ್ಪು ಹಿಡಿದು ನಿಲ್ಲಿಸುವುದಿಲ್ಲ ಅಂತ ಗೊತ್ತಿತ್ತು. ಆದರೂ ಅಲ್ಲಿ ಬಾಯಿ ಬರಲಿಲ್ಲ, ಸುಮ್ನೆ ಬಂದೆ.

ಅವ್ವನಿಗೆ ಇನ್ನೊಂದು ಸೀರೆ ಕೊಡಿಸಲೇಬೇಕಿತ್ತು. ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರ ತವರು ಇಳಕಲ್, ಅವರ ಮನೆಯಲ್ಲಿ ಈಗಲೂ ಕುಣಿಮಗ್ಗ (ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವ ಮಗ್ಗ) ಇದೆ. ಅವರು ಹೇಳಿದ ಮಾತು ಕೇಳಿ ನನಗೆ ಆಶ್ಚರ್ಯ ಆಯಿತು. ಇಳಕಲ್ಲಿನಲ್ಲಿ ಒಂದೊಂದು ಸೀರೆಗೂ ಬೇರೆ ಹಾಸು, ಅಂದರೆ ಮಗ್ಗಕ್ಕೆ ಕಟ್ಟುವ ಉದ್ದದ ಎಳೆಗಳು, ಮಾಡುತ್ತಾರಂತೆ. ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ, ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಹಾಗಾಗಿ ಒಂದೇ ಸೀರೆಗೆ ಬೇಕಾದ ಬಣ್ಣ ಹಾಕಿಸಿ ನೇಯಿಸಬಹುದು. "ನಿಮ್ಮವ್ವಗ ಯಾವ ಬಣ್ಣ ಬೇಕು ಕೇಳ್ರಿ, ಬಣ್ಣದ ಕಾಕಾನ ಹತ್ರ ಕರ್ಕೊಂಡ ಹೋಗ್ತೀನಿ" ಅಂದರು.

ಅವ್ವನನ್ನು ಕೇಳಿದೆ. "ಬದನಿ ಹೂವಿನ ಬಣ್ಣ" ಅಂದಳು.

ಕಾಕಾನ ಬಣ್ಣದ ಮನೆಗೆ ಬೋರ್ಡ್ ಇಲ್ಲ. ನೇಕಾರರ ಓಣಿಯ ಹಿಂದೆ ತಗಡಿನ ಶೆಡ್ಡು, ಎರಡು ಭಟ್ಟಿ, ನಾಲ್ಕು ತೊಟ್ಟಿ, ಒಂದು ಹಳೆಯ ತಕ್ಕಡಿ. ಮೂಗು ಹಿಡಿದುಕೊಂಡು ಹೋದರೆ ಸಾಕು, ವಾಸನೆಯೇ ದಾರಿ ತೋರಿಸುತ್ತದೆ. ಶೇಡ್ ಕಾರ್ಡ್ ಕೇಳಿದೆ. ಇಲ್ಲ. "ಹೂವ ತರ್ರಿ ಅಕ್ಕಾರ" ಅಂದರು. ಎರಡನೇ ಸಲ ಹೋಗುವಾಗ ಹಿತ್ತಲಿನ ಬದನೆ ಗಿಡದಿಂದ ನಾಲ್ಕು ಹೂ ಕಿತ್ತು ಒದ್ದೆ ಕರವಸ್ತ್ರದಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದೆ. ಇಳಕಲ್ ಮುಟ್ಟುವಷ್ಟರಲ್ಲಿ ಮೂರು ಬಾಡಿ ಕಪ್ಪಾಗಿದ್ದವು. ಉಳಿದ ಒಂದನ್ನು ಕಾಕಾ ಶೆಡ್ಡಿನ ಹೊರಗೆ ತಂದು, ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ "ಕೆಂಪ ಜಾಸ್ತಿ, ನೀಲಿ ಚೂರ" ಅಂದು ಒಳಗೆ ಹೋದರು. ಅಷ್ಟೇ ಅಳತೆ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಸಹಿಸಿಕೊಳ್ಳಿ. ಬದನೆ ಹೂವಿನ ಬಣ್ಣಕ್ಕೆ ಅಂಗಡಿಯವರು ಮಾವ್ ಅನ್ನುತ್ತಾರೆ. ಅದೂ ಒಂದು ಹೂವಿನ ಹೆಸರೇ, ಫ್ರೆಂಚ್ ಭಾಷೆಯದು. ಕಾರ್ಖಾನೆಯಲ್ಲಿ ತಯಾರಾಗಿ ಮಾರುಕಟ್ಟೆಯಲ್ಲಿ ಗೆದ್ದ ಮೊದಲ ಅನಿಲಿನ್ (ಕಲ್ಲಿದ್ದಲಿನ ಡಾಂಬರಿನಿಂದ ಬರುವ ರಾಸಾಯನಿಕ) ಬಣ್ಣ ಅದು. ಮಾಡಿದವನು ವಿಲಿಯಂ ಹೆನ್ರಿ ಪರ್ಕಿನ್, ಲಂಡನ್ನಿನ ಹುಡುಗ, ಹುಟ್ಟಿದ್ದು 1838ರಲ್ಲಿ. ಹಾಫ್‌ಮನ್ ಎಂಬ ಜರ್ಮನ್ ಪ್ರೊಫೆಸರ್ ಕೈಕೆಳಗೆ ಓದುತ್ತಿದ್ದ. 1856ರ ಈಸ್ಟರ್ ರಜೆಯಲ್ಲಿ ಮನೆಯ ಮಹಡಿ ಮೇಲಿನ ಪುಟ್ಟ ಲ್ಯಾಬಿನಲ್ಲಿ ಮಲೇರಿಯಾದ ಔಷಧಿ ಕ್ವಿನೈನ್ ಮಾಡಲು ಹೋಗಿ ಕಪ್ಪು ರಾಡಿ ಮಾಡಿಕೊಂಡ. ಫ್ಲಾಸ್ಕ್ ತೊಳೆಯಲು ಆಲ್ಕೋಹಾಲ್ ಹಾಕಿದರೆ ನೇರಳೆ ಬಣ್ಣ ಬಿಟ್ಟಿತು. ಆಗ ಅವನಿಗೆ 18. ನಮ್ಮ ಸೆಕೆಂಡ್ ಪಿಯು ಹುಡುಗರ ವಯಸ್ಸು. ಅವರು ರಜೆಯಲ್ಲಿ ಏನು ಮಾಡುತ್ತಾರೆ ಅಂತ ನನ್ನನ್ನು ಕೇಳಬೇಡಿ.

ಕ್ಲಾಸಿನಲ್ಲಿ ನಾನು ವರ್ಷಾ ವರ್ಷ ಇಲ್ಲಿಗೇ ಕಥೆ ಮುಗಿಸುತ್ತಿದ್ದೆ. ಫ್ಲಾಸ್ಕು, ರಾಡಿ, ನೇರಳೆ, ಚಪ್ಪಾಳೆ. ಅಸಲಿ ಕಷ್ಟ ಶುರುವಾಗಿದ್ದೇ ಆಮೇಲೆ ಅಂತ ತಿಳಿದದ್ದು ಕಾಕಾನ ಶೆಡ್ಡಿನಲ್ಲಿ ಕೂತಾಗ. ಪರ್ಕಿನ್ ಬಣ್ಣ ಹಾಕಿದ ರೇಷ್ಮೆ ತುಂಡನ್ನು ಸ್ಕಾಟ್ಲೆಂಡಿನ ಪರ್ತ್ ಊರಿನ ಪುಲ್ಲರ್ ಬಣ್ಣದ ಕಂಪನಿಗೆ ಕಳಿಸಿದ. ಬಟ್ಟೆಯ ರೇಟು ಏರದಿದ್ದರೆ ಇದು ಬಹಳ ದೊಡ್ಡ ಶೋಧ ಅಂತ ಉತ್ತರ ಬಂತು. ಆಗಸ್ಟಿನಲ್ಲಿ ಪೇಟೆಂಟ್, ಮರುವರ್ಷ ಗ್ರೀನ್‌ಫರ್ಡ್ ಎಂಬಲ್ಲಿ ಕಾಲುವೆ ಪಕ್ಕ ಕಾರ್ಖಾನೆ. ಕಾಲೇಜು ಬಿಟ್ಟದ್ದಕ್ಕೆ ಪ್ರೊಫೆಸರಿಗೆ ಬೇಜಾರು. ಅಪ್ಪ ಮನೆ ಕಟ್ಟಿಸುವ ಕೆಲಸದವರು, ಜೀವಮಾನ ಕೂಡಿಟ್ಟ ದುಡ್ಡನ್ನು ಮಗನ ಕೈಗೆ ಕೊಟ್ಟರು. ಅಣ್ಣನೂ ಜೊತೆಗೂಡಿದ. ಬಣ್ಣ ಮಾಡಲು ಬೇಕಾದಷ್ಟು ಗಟ್ಟಿಯಾದ ನೈಟ್ರಿಕ್ ಆಸಿಡ್ ಪೇಟೆಯಲ್ಲಿ ಸಿಗಲಿಲ್ಲ, ಚಿಲಿ ದೇಶದ ಉಪ್ಪಿನಿಂದ ಅದರ ಕೆಲಸವನ್ನೂ ತಾವೇ ಮಾಡಿಕೊಂಡರು. ಇಷ್ಟೆಲ್ಲ ಆದ ಮೇಲೆ ಇನ್ನೊಂದು ತೊಡಕು. ರೇಷ್ಮೆ ಆ ಬಣ್ಣವನ್ನು ಗಟಗಟ ಕುಡಿಯಿತು, ಹತ್ತಿ ಮುಟ್ಟಲೇ ಇಲ್ಲ. ಟ್ಯಾನಿನ್ (ಮರದ ತೊಗಟೆ, ಕಾಯಿಗಳಲ್ಲಿರುವ ಒಗರು) ಹಾಕಿ ಹತ್ತಿಗೆ ಹಿಡಿಸುವ ದಾರಿ ಹುಡುಕಬೇಕಾಯಿತು. ಅದನ್ನು ಹೇಳಿಕೊಡಲು ಪರ್ಕಿನ್ ತಾನೇ ಬಣ್ಣದ ಮನೆಗಳಿಗೆ ಅಲೆದ. 1858ರ ಜನವರಿಯಲ್ಲಿ ವಿಕ್ಟೋರಿಯಾ ರಾಣಿ ಮಗಳ ಮದುವೆಗೆ ಮಾವ್ ಬಣ್ಣ ತೊಟ್ಟಳು ಅನ್ನುವುದನ್ನು ಎಲ್ಲರೂ ಬರೆಯುತ್ತಾರೆ. ಹತ್ತಿಯ ಕಥೆ ಯಾರೂ ಬರೆಯುವುದಿಲ್ಲ.

ಕಾಕಾ ಪರ್ಕಿನ್ ಹೆಸರು ಕೇಳಿದವರಲ್ಲ. ಆದರೆ ಅವರ ದಿನದ ತಲೆಬಿಸಿಯೂ ಇದೇ. ನಮ್ಮ ಸೀರೆಯ ಒಡಲು ಹತ್ತಿ, ಸೆರಗು ಮತ್ತು ದಡಿ ರೇಷ್ಮೆ. ಒಂದೇ ಸೀರೆ, ಎರಡು ಜಾತಿ ನೂಲು, ಎರಡು ಅಡುಗೆ. ರೇಷ್ಮೆಯನ್ನು ಮೊದಲು ಸೋಪು ಸೋಡಾದಲ್ಲಿ ಕುದಿಸಿ ಅಂಟು ತೆಗೆಯಬೇಕು, ಆಗ ತೂಕದಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಹೋಗುತ್ತದೆ (ರೇಷ್ಮೆ ತೂಕ ಕಮ್ಮಿ ಬಂತು ಅಂತ ನಾನು ಅನುಮಾನಪಟ್ಟಿದ್ದೆ, ಕ್ಷಮಿಸಿ ಕಾಕಾ). ಆಮೇಲೆ ಬಿಸಿ ನೀರು, ಅಸಿಟಿಕ್ ಆಸಿಡ್, ಅದರ ಬಣ್ಣ. ಹತ್ತಿಗೆ ಆ ಬಣ್ಣ ಹತ್ತುವುದಿಲ್ಲ. ಅದಕ್ಕೆ ಉಪ್ಪು, ಸೋಡಾ, ಮತ್ತು ನೂಲಿಗೇ ರಾಸಾಯನಿಕವಾಗಿ ಕೊಂಡಿ ಹಾಕಿಕೊಳ್ಳುವ ರಿಯಾಕ್ಟಿವ್ ಬಣ್ಣ. ಈ ಜಾತಿಯ ಬಣ್ಣ ಪೇಟೆಗೆ ಬಂದದ್ದು 1956ರಲ್ಲಿ, ಪರ್ಕಿನ್ನನ ರಾಡಿಗೆ ಸರಿಯಾಗಿ ನೂರು ವರ್ಷಕ್ಕೆ. ಅವ್ವನ ಬದನೆ ಹೂ ಬಂದದ್ದು ಇದರಲ್ಲೇ.

ನಾನು ಹೋದ ದಿನ ಬೇರೆ ನೇಕಾರರೊಬ್ಬರ ಹತ್ತಿ ನೂಲಿಗೆ ಕೆಂಪು ಹಾಕುತ್ತಿದ್ದರು, ನ್ಯಾಫ್ತಾಲ್ ಕೆಂಪು. ಅದನ್ನು ನೋಡಲಿಕ್ಕಾದರೂ ನೀವು ಹೋಗಬೇಕು. ಲಡಿಯನ್ನು, ಅಂದರೆ ನೂಲಿನ ಸುತ್ತನ್ನು, ಒಂದು ತೊಟ್ಟಿಯಲ್ಲಿ ಅದ್ದಿ ಹಿಂಡಿದರು. ಏನೂ ಆಗಲಿಲ್ಲ, ಸ್ವಲ್ಪ ಹಳದಿ ಮಾಸಲು ಅಷ್ಟೇ. ಪಕ್ಕದಲ್ಲಿ ಐಸ್ ಗಡ್ಡೆ ತೇಲುತ್ತಿದ್ದ ಇನ್ನೊಂದು ಬಕೆಟ್. ಲಡಿ ಅದರೊಳಗೆ ಇಳಿದದ್ದೇ ಕೆಂಪು. ನಿಧಾನಕ್ಕೆ ಏರಿದ ಕೆಂಪಲ್ಲ, ನೀರು ಮುಟ್ಟಿದ ಗೆರೆಯಿಂದ ಮೇಲಕ್ಕೆ ಹಾರಿದ ಕೆಂಪು. ಎರಡು ಕೋಲಿನ ಮೇಲೆ ತಿರುವಿ ಎತ್ತಿದಾಗ ಕಾಕಾನ ಮೊಣಕೈ ತನಕ ಅದೇ ಬಣ್ಣ. ಡಯಜೋನಿಯಂ ಲವಣ, ಶೂನ್ಯದಿಂದ ಐದು ಡಿಗ್ರಿ, ಕಪ್ಲಿಂಗ್ ರಿಯಾಕ್ಷನ್ (ಎರಡು ತೊಟ್ಟಿಯ ರಾಸಾಯನಿಕಗಳು ನೂಲಿನ ಮೇಲೇ ಕೂಡಿ ಬಣ್ಣವಾಗುವುದು, ಎರಡನೆಯದು ಬಿಸಿಯಲ್ಲಿ ಕೆಡುತ್ತದೆ, ಅದಕ್ಕೇ ಐಸ್) ಅಂತ ಬೋರ್ಡಿನ ಮೇಲೆ ಎಷ್ಟು ವರ್ಷ ಬರೆದಿದ್ದೇನೆ! ಐಸ್ ಎಲ್ಲಿಂದ ತರುತ್ತೀರಿ ಅಂದೆ. ಐಸ್‌ಕ್ಯಾಂಡಿ ಮಾಡುವವರ ಹತ್ತಿರ ಅಂದರು.

ಇಷ್ಟು ಆದ ಮೇಲೆ ಸೋಪಿನ ಕುದಿ. ನನ್ನ ಪ್ರಕಾರ ದುಡ್ಡು ಕೊಡಬೇಕಾದದ್ದು ಇದಕ್ಕೇ. ಎಳೆಯ ಮೇಲೆ ಸುಮ್ಮನೆ ಕೂತ ಬಣ್ಣ ಕುದಿಯುವ ಸೋಪು ನೀರಿನಲ್ಲಿ ಬಿಟ್ಟುಹೋಗಬೇಕು. ಕಾಕಾ ಎರಡು ಸಲ ಕುದಿಸುತ್ತಾರೆ, ಆಮೇಲೆ ನೀರು ತಿಳಿಯಾಗುವ ತನಕ ತೊಳೆಯುತ್ತಾರೆ. ಸೌದೆ, ನೀರು, ಅರ್ಧ ದಿನ. ಇದನ್ನು ಬಿಟ್ಟರೆ ಯಾರ ಕಣ್ಣಿಗೂ ಕಾಣುವುದಿಲ್ಲ. ಅಂಗಡಿಯಲ್ಲಿ ಸೀರೆ ಇನ್ನೂ ಜೋರಾಗೇ ಕಾಣುತ್ತದೆ, ಮೇಲಿನ ಬಣ್ಣ ಹೋಗಿರುವುದಿಲ್ಲವಲ್ಲ. "ಬಣ್ಣ ಹತ್ತಸೋದು ಏನ್ ದೊಡ್ಡದಲ್ರಿ ಅಕ್ಕಾರ, ನಿಲ್ಲಬೇಕಲ್ರಿ ಅದು" ಅಂದರು. ನನ್ನ ಯುಗಾದಿ ಸೀರೆಗೆ ಈ ಅರ್ಧ ದಿನ ಸಿಕ್ಕಿರಲಿಲ್ಲ ಅಂತ ಈಗ ನನಗೆ ಅನಿಸುತ್ತದೆ. ನೀವು ಸೀರೆ ಕೊಳ್ಳುವಾಗ ಬಿಳಿ ಕರವಸ್ತ್ರ ಒದ್ದೆ ಮಾಡಿ ಕೆಂಪಿನ ಮೇಲೆ ಹತ್ತು ಸಲ ಉಜ್ಜಿ ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಅದೂ ಒಂದು ಉತ್ತರವೇ.

ಇನ್ನು ದೂರುಗಳು. ಹದಿನೈದು ದಿನ ಅಂದಿದ್ದು ನೇಯ್ಗೆ ಸೇರಿ ಐವತ್ತು ದಿನ ಆಯಿತು. ಮಳೆ ಬಂದರೆ ಲಡಿ ಒಣಗುವುದಿಲ್ಲ, ಅದು ಸರಿ, ಆದರೆ ಒಂದು ಫೋನ್ ಮಾಡಬಹುದಿತ್ತು. ಬಿಲ್ ಇಲ್ಲ. ಅಳತೆಯ ಚೀಟಿ ಇಲ್ಲದ್ದರಿಂದ ಅದೇ ಬಣ್ಣ ಮತ್ತೆ ಬರುವುದಿಲ್ಲ. ಕುಪ್ಪಸಕ್ಕೆ ಅಂತ ಆಮೇಲೆ ಹಾಕಿಸಿದ ನೂಲು ಸೀರೆಗಿಂತ ಒಂದು ಚೂರು ನೀಲಿ ಜಾಸ್ತಿ, ಟ್ಯೂಬ್‌ಲೈಟಿನಲ್ಲಿ ಗೊತ್ತಾಗುವುದಿಲ್ಲ, ಬಿಸಿಲಿಗೆ ಬಂದರೆ ಎದ್ದು ಕಾಣುತ್ತದೆ. ಕೊನೆಗೆ ಗುಳೇದಗುಡ್ಡದ ಖಣ ತಂದು ಹೊಂದಿಸಿದೆ. ಕಾಕಾ ಕೈಗವಸು ಹಾಕುವುದಿಲ್ಲ, ತಂದುಕೊಟ್ಟರೂ ಮೊಳೆಗೆ ತೂಗುಹಾಕಿದ್ದಾರೆ. ಎಲ್ಲಕ್ಕಿಂತ ಬೇಸರದ್ದು ನೀರು. ಕೆಂಪು ದಿನ ಗಟಾರ ಕೆಂಪು, ಹಸಿರು ದಿನ ಹಸಿರು. ಪರ್ಕಿನ್ ಕಾರ್ಖಾನೆ ಪಕ್ಕದ ಕಾಲುವೆಯೂ ವಾರಕ್ಕೊಂದು ಬಣ್ಣಕ್ಕೆ ತಿರುಗುತ್ತಿತ್ತಂತೆ. ಇಷ್ಟು ವರ್ಷವಾದರೂ ಈ ಒಂದು ವಿಷಯದಲ್ಲಿ ಇಬ್ಬರೂ ಒಂದೇ. ಒಬ್ಬ ಕಾಕಾನಿಂದ ಆಗುವ ಕೆಲಸ ಅಲ್ಲ, ಓಣಿಗೆಲ್ಲ ಸೇರಿ ನೀರು ಶುದ್ಧ ಮಾಡುವ ಘಟಕ ಬೇಕು. ಆದರೂ ಇದಕ್ಕೆ ಒಂದು ಸ್ಟಾರ್ ಕಡಿಮೆ ಮಾಡುತ್ತೇನೆ.

ಕಾಕಾಗೆ ಈಗ ವಯಸ್ಸಾಗಿದೆ. ಮಗ ಗ್ರಾನೈಟ್ ಲಾರಿ ಲೆಕ್ಕ ಬರೆಯುತ್ತಾನೆ, ಶೆಡ್ಡಿನ ಕಡೆ ಬರುವುದಿಲ್ಲ. ಪರ್ಕಿನ್ ಕೂಡ 36ಕ್ಕೇ ಕಾರ್ಖಾನೆ ಮಾರಿ ಲ್ಯಾಬಿಗೆ ವಾಪಸ್ ಹೋದ. 1869ರಲ್ಲಿ ಗಿಡದ ಬೇರಿನಿಂದ ಸಿಗುತ್ತಿದ್ದ ಕೆಂಪು ಬಣ್ಣ ಅಲಿಜರಿನ್ನನ್ನು ಲ್ಯಾಬಿನಲ್ಲಿ ಮಾಡುವ ವಿಧಾನದ ಪೇಟೆಂಟಿಗೆ ಜರ್ಮನ್ನರು ಅವನಿಗಿಂತ ಒಂದೇ ಒಂದು ದಿನ ಮೊದಲು ಅರ್ಜಿ ಹಾಕಿದ್ದರು. ಮುಂದೆ ದೊಡ್ಡ ಪೈಪೋಟಿ ಬರುತ್ತದೆ ಅಂತ ಅವನಿಗೆ ಗೊತ್ತಾಗಿತ್ತೋ ಏನೋ. ಕಾಕಾಗೆ ಮಾರಲು ತಗಡು, ಭಟ್ಟಿ ಬಿಟ್ಟರೆ ಏನೂ ಇಲ್ಲ.

ಸೀರೆ ಹೇಗಿದೆ ಅಂತ ಹೇಳಲೇ ಇಲ್ಲ ಅಲ್ವಾ. ಎಲ್ಲ ಸೇರಿ 5,200 ರೂಪಾಯಿ ಆಯಿತು. ಅವ್ವ ಇದುವರೆಗೆ ಆರು ಸಲ ಒಗೆದಿದ್ದಾಳೆ, ಮೊದಲನೇ ಸಲ ಬೇಕಂತಲೇ ಬಿಳಿ ಟವೆಲ್ ಜೊತೆಗೆ. ಟವೆಲ್ ಬಿಳಿಯೇ ಇದೆ, ತೆನೆಯೂ ಬಿಳಿಯೇ. ಬಣ್ಣ ಬದನೆ ಹೂವಿಗಿಂತ ಒಂದು ಪಾಲು ಗಾಢ ಅಂತ ಅವಳ ತಕರಾರು. ಬಾಡಿದ ಹೂ ಒಯ್ದದ್ದು ನಾನು, ಅದಕ್ಕೆ ಕಾಕಾ ಏನು ಮಾಡುತ್ತಾರೆ.

ಹೋಗುವವರು ಬೆಳಗ್ಗೆ ಹತ್ತರ ಒಳಗೆ ಹೋಗಿ, ಹಳೆ ಬಟ್ಟೆ ಹಾಕಿಕೊಂಡು ಹೋಗಿ. ಆ ಕೆಂಪಿನ ದಿನ ನಾನು ತೊಟ್ಟಿಗೆ ತೀರಾ ಹತ್ತಿರ ನಿಂತಿದ್ದೆ. ಮೊದಲ ತೊಟ್ಟಿಯ ಹನಿ ನನ್ನ ಬಿಳಿ ದುಪಟ್ಟಾ ಮೇಲೆ ಬಿದ್ದದ್ದು ಕಾಣಲೇ ಇಲ್ಲ, ಐಸ್ ಬಕೆಟ್ಟಿನ ಹನಿ ಅಲ್ಲೇ ಬಿದ್ದಾಗ ಸಾಸಿವೆ ಕಾಳಿನಷ್ಟು ಮೂರು ಕೆಂಪು ಚುಕ್ಕೆ ಎದ್ದವು. ನಿಂಬೆಹಣ್ಣು, ಸೋಡಾ, ಬ್ಲೀಚ್ ಎಲ್ಲ ಹಾಕಿ ನೋಡಿದ್ದೇನೆ. ಇನ್ನೂ ಅಲ್ಲೇ ಇವೆ.