ಟಿಪಿ-ಲಿಂಕ್ ಟಿಎಲ್-ಎಸ್‌ಜಿ105: ಐದು ಪೋರ್ಟಿನ ಸ್ವಿಚ್, ಯಾರಿಗೆ ಸಾಕು, ಯಾರಿಗೆ ಸಾಲದು

ರೌಟರ್‌ನಲ್ಲಿ ಲ್ಯಾನ್ ಪೋರ್ಟ್ (ಸಾಧನಗಳ ಕೇಬಲ್ ಸಿಕ್ಕಿಸುವ ಕಿಂಡಿ) ಸಾಲದೆ ಹೋದರೆ ಕಣ್ಣುಮುಚ್ಚಿ ಕೊಳ್ಳಬಹುದಾದ ಗಿಗಾಬಿಟ್ (1000 ಎಂಬಿಪಿಎಸ್) ಸ್ವಿಚ್, ಅಂದರೆ ಪೋರ್ಟ್ ಹೆಚ್ಚಿಸುವ ಡಬ್ಬಿ, ಇದು. ಲೋಹದ ಕವಚ, ಫ್ಯಾನ್ ಇಲ್ಲದ್ದರಿಂದ ಸದ್ದೂ ಇಲ್ಲ. ಸೆಟ್ಟಿಂಗ್ಸ್ ಗೊಡವೆಯೂ ಇಲ್ಲ: ಅಡಾಪ್ಟರ್ ಸಿಕ್ಕಿಸಿ, ರೌಟರ್‌ನ ಲ್ಯಾನ್ ಪೋರ್ಟಿನಿಂದ ಇದರ ಯಾವುದಾದರೂ ಪೋರ್ಟಿಗೆ ಒಂದು ಕೇಬಲ್ ಎಳೆದರೆ ಆಯಿತು. ಆ ಕೇಬಲ್‌ಗೇ ಒಂದು ಪೋರ್ಟ್ ಹೋಗುವುದರಿಂದ ಕೈಗೆ ಉಳಿಯುವುದು ನಾಲ್ಕು. ಐದನೆಯ ಸಾಧನ ಇದ್ದರೆ ಎಂಟು ಪೋರ್ಟಿನ ಎಸ್‌ಜಿ108 ತನ್ನಿ.

ಅಂಗಡಿಯಲ್ಲಿ ಮಾಡೆಲ್ ಹೆಸರನ್ನು ಒಂದಕ್ಷರವೂ ಬಿಡದೆ ಓದಿ. ಟಿಎಲ್-ಎಸ್‌ಎಫ್1005ಡಿಗೂ ಐದೇ ಪೋರ್ಟ್, ಆದರೆ ಅದರ ವೇಗ 100 ಎಂಬಿಪಿಎಸ್‌ಗೆ ನಿಲ್ಲುತ್ತದೆ. ಎಸ್‌ಜಿ105ರಲ್ಲಿ ಸುಮಾರು ಒಂದೂವರೆ ನಿಮಿಷಕ್ಕೆ ಸಾಗುವ 10 ಜಿಬಿ ಫೈಲ್‌ಗೆ ಅಲ್ಲಿ ಕಾಲು ಗಂಟೆ ಬೇಕು.

ಎಸ್‌ಜಿ105 ಹಾಕಿಯೂ ಕಂಪ್ಯೂಟರ್‌ನಲ್ಲಿ ಲಿಂಕ್ ಸ್ಪೀಡ್ 100 ಎಂದೇ ತೋರಿಸಿದರೆ ಸ್ವಿಚ್ಚನ್ನು ದೂರುವ ಮೊದಲು ಕೇಬಲ್ ನೋಡಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು; 100 ಎಂಬಿಪಿಎಸ್‌ಗೆ 1-2, 3-6ನೇ ಪಿನ್‌ಗಳ ಎರಡು ಜೋಡಿ ಸಾಕು. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ತಂತಿ ಕನೆಕ್ಟರ್‌ನೊಳಗೆ ಸರಿಯಾಗಿ ಕೂರದಿದ್ದರೂ ನೆಟ್ ಬರುತ್ತಲೇ ಇರುತ್ತದೆ, ವೇಗ ಮಾತ್ರ ಕುಸಿಯುತ್ತದೆ. ಹಾಗಾಗಿ ದೋಷ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ತುದಿ ಕತ್ತರಿಸಿ ಎರಡೂ ಕಡೆ ಹೀಗೆ ಹೊಸ ಕನೆಕ್ಟರ್‌ಗೆ ಕ್ರಿಂಪ್ ಮಾಡಿ (ಒತ್ತಿ ಕೂರಿಸಿ): ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹೆಣಿಗೆಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬೇಡಿ. ಒಳತಂತಿಯನ್ನು ಬ್ಲೇಡಿನಿಂದ ಕೆರೆದಾಗ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಗೋಡೆಯೊಳಗೆ ಹಾಕಲು ಅದು ಬೇಡವೇ ಬೇಡ. ಅಪ್ಪಟ ತಾಮ್ರದ ಕ್ಯಾಟ್5ಇ ದರ್ಜೆಯ ಕೇಬಲ್ ತಂದರೆ 100 ಮೀಟರ್‌ವರೆಗೂ ಗಿಗಾಬಿಟ್ ಸಿಗುತ್ತದೆ.

ಇಂಟರ್ನೆಟ್ ಕಂಪನಿಯ ಫೈಬರ್ ಡಬ್ಬಿಗೂ ರೌಟರ್‌ಗೂ ನಡುವೆ ಈ ಸ್ವಿಚ್ ಇಡಬೇಡಿ. ಸಾಧನಗಳಿಗೆ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿನ ಗುರುತಿನ ಸಂಖ್ಯೆ) ಹಂಚುವುದು ರೌಟರ್, ಸ್ವಿಚ್ ಅಲ್ಲ. ಡಬ್ಬಿಯ ಕೇಬಲ್ ರೌಟರ್‌ನ ವ್ಯಾನ್ (ಇಂಟರ್ನೆಟ್ ಒಳಬರುವ) ಪೋರ್ಟಿಗೆ ಹೋಗಲಿ, ಸ್ವಿಚ್ ಅದರ ಆಚೆ ಬರಲಿ.

ಪಿಒಇ ಇಲ್ಲದ್ದರಿಂದ ಸಿಸಿಟಿವಿ ಕ್ಯಾಮೆರಾಗೆ ಕೇಬಲ್‌ನಲ್ಲೇ ವಿದ್ಯುತ್ ಕೊಡಲಾರದು. ಗಡಿಬಿಡಿಯಲ್ಲಿ ಒಂದೇ ಕೇಬಲ್‌ನ ಎರಡೂ ತುದಿ ಇದಕ್ಕೇ ಚುಚ್ಚಿದರೆ ಬ್ರಾಡ್‌ಕಾಸ್ಟ್ ಪ್ಯಾಕೆಟ್‌ಗಳು (ಎಲ್ಲ ಸಾಧನಗಳಿಗೂ ಹೋಗುವ ಸಂದೇಶಗಳು) ಸುತ್ತಿ ಸುತ್ತಿ ಇಡೀ ನೆಟ್‌ವರ್ಕ್ ಸ್ತಬ್ಧವಾಗುತ್ತದೆ. ಹತ್ತಾರು ಕೈ ಆಡುವ ಕಚೇರಿಗೆ, ಅಥವಾ ಕ್ಯಾಮೆರಾಗಳನ್ನು ವಿಎಲ್ಯಾನ್‌ನಲ್ಲಿ (ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಬೇರೆ ಇಡಬೇಕೆನ್ನುವವರಿಗೆ ಇಂಥ ಲೂಪ್ (ಸುತ್ತು) ತಡೆಯುವ ಸೌಲಭ್ಯವಿರುವ ಎಸ್‌ಜಿ105ಇ ಸರಿ.