ನಮ್ ತಾಲೂಕಿನ ಬಿಆರ್‌ಸಿ ಥೆರಪಿ ರೂಮು, ಎರಡು ವರ್ಷ ಓಡಾಡಿದ್ಮೇಲೆ

ನನ್ ಮಗಳಿಗೆ ಈಗ 8 ವರ್ಷ, ಸೆರೆಬ್ರಲ್ ಪಾಲ್ಸಿ (ಸಿಪಿ) ಇದೆ, ಅಂದ್ರೆ ಮೆದುಳಿನ ತೊಂದ್ರೆಯಿಂದ ಕೈಕಾಲು ಹಿಡಿತಕ್ಕೆ ಸಿಗಲ್ಲ. ಬಲಗೈ ಬಲಗಾಲು ಬಿಗಿ, ಮಾತೂ ತಡವಾಗೇ ಬಂತು. ಬಿಆರ್‌ಸಿಲಿ, ಅಂದ್ರೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಇಂಥ ಮಕ್ಕಳಿಗೆ ಫ್ರೀಯಾಗಿ ಫಿಸಿಯೋಥೆರಪಿ ಮಾಡಿಸ್ತಾರೆ ಅಂತ ನಂಗೆ ಹೇಳಿದ್ದು ಡಾಕ್ಟ್ರೂ ಅಲ್ಲ ಶಾಲೆಯವ್ರೂ ಅಲ್ಲ, ನಮ್ ಬೀದಿ ಅಂಗನವಾಡಿ ಟೀಚರಕ್ಕ. ಎಷ್ಟೋ ಅಪ್ಪ ಅಮ್ಮಂದ್ರಿಗೆ ಇದು ಇದೆ ಅನ್ನೋದೇ ಗೊತ್ತಿಲ್ಲ, ಅದಕ್ಕೇ ಕೂತು ಬರೀತಿದೀನಿ.

ಸರ್ಕಾರದ ಸಮಗ್ರ ಶಿಕ್ಷಣ ಅನ್ನೋ ಯೋಜನೆ ಇದು. ವಿಶೇಷ ಅಗತ್ಯದ ಮಕ್ಕಳಿಗೆ ಅಂತಾನೇ ಟ್ರೈನ್ ಆಗಿರೋ ಟೀಚರ್ ಇರ್ತಾರೆ, ಬಿಐಇಆರ್‌ಟಿ ಅಂತಾರೆ. ನಮಗೆ ಸಿಕ್ಕಿರೋ ಮೇಡಂ ಬಗ್ಗೆ ಎಷ್ಟು ಹೇಳಿದ್ರೂ ಕಮ್ಮಿ. ಮೊದಲನೇ ದಿನ ಮಗಳ ಕೈಗೆ ಪೆನ್ಸಿಲ್ ಕೊಟ್ರು, ಜಾರಿ ಬಿತ್ತು, ಇನ್ನೊಂದ್ಸಲ ಕೊಟ್ರು ಮತ್ತೆ ಬಿತ್ತು. ಸುಮ್ನೆ ಎದ್ದು ಹೋಗಿ ಒಂದು ಹಳೇ ಬಟ್ಟೆ ಚೂರು ತಂದು ಪೆನ್ಸಿಲ್‌ಗೆ ದಪ್ಪಕ್ಕೆ ಸುತ್ತಿ ಎರಡು ರಬ್ಬರ್ ಬ್ಯಾಂಡ್ ಹಾಕಿ ಕೈಗಿಟ್ರು, ನಿಂತ್ಕೊಳ್ತು. ಸ್ಲೇಟ್ ಕೂಡ ಅಲ್ಲ, ಹಳೇ ಕ್ಯಾಲೆಂಡರ್ ಹಿಂದಗಡೆ ಒಂದು ಗೆರೆ ಎಳೆದ್ಳು ನನ್ ಮಗು, ಆ ಹಾಳೆ ಇವತ್ತಿಗೂ ನಮ್ಮನೆ ಬೀರುವಲ್ಲಿದೆ. ಮನೇಲಿ ಸ್ಪೂನ್‌ಗೂ ಹಂಗೇ ಸುತ್ತಿ, ಚಪಾತಿ ಹಿಟ್ಟು ಅವಳ ಕೈಲೇ ನಾದಿಸಿ, ನೀವು ಉಣ್ಸೋದು ನಿಲ್ಸಿ ಅಮ್ಮ, ಚೆಲ್ಲಿದ್ರೆ ಚೆಲ್ಲಲಿ ಅಂದ್ರು. ಈಗ ಮೊಸರನ್ನ ಅವಳೇ ತಿಂತಾಳೆ.

ಅದಕ್ಕೂ ಮೊದ್ಲು ಒಂದು ಪ್ರೈವೇಟ್ ಸ್ಕೂಲ್‌ನವ್ರು ಬೇರೆ ಮಕ್ಕಳ ಪೇರೆಂಟ್ಸ್ ಏನಂತಾರೋ ಅಂತ ಅಡ್ಮಿಷನ್ನೇ ಕೊಡ್ಲಿಲ್ಲ. ಅವತ್ತು ಅತ್ಕೊಂಡು ಬಂದಿದ್ದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಲಿ 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಅಂಗವಿಕಲತೆ ಇರೋ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಹತ್ರದ ಶಾಲೇಲಿ ಫ್ರೀ ಶಿಕ್ಷಣದ ಹಕ್ಕಿದೆ ಅಂತ ಈ ಮೇಡಂ ಹೇಳಿದ್ಮೇಲೇ ಗೊತ್ತಾಗಿದ್ದು. ಅವ್ರೇ ನಮ್ಮೂರ ಸರ್ಕಾರಿ ಶಾಲೆಗೆ ಬಂದು ಹೆಡ್‌ಮಾಸ್ಟರ್ ಹತ್ರ ಮಾತಾಡಿ, ಬಾಗ್ಲ ಪಕ್ಕದ ಬೆಂಚಲ್ಲಿ ಕೂರ್ಸೋ ಹಂಗೆ ಮಾಡಿದ್ರು. ಬರಕ್ಕಾಗದ ಮಕ್ಕಳ ಮನೆಗೇ ಹೋಗಿ ಪಾಠ ಮಾಡೋ ವ್ಯವಸ್ಥೆನೂ ಇದೆ.

ಬೇಜಾರಿನ ವಿಷಯಾನೂ ಹೇಳ್ಬೇಕು. ನಮ್ಮಲ್ಲಿ ಫಿಸಿಯೋ ವಾರಕ್ಕೆ ಒಂದೇ ದಿನ ಬರ್ತಾರೆ, ಬಿಗಿ ಇರೋ ಕಾಲಿಗೆ ಅದು ಸಾಲಲ್ಲ. ಥೆರಪಿ ರೂಮಿಗೆ ಹೋಗೋಕೆ ನಾಲ್ಕು ಮೆಟ್ಲು, ಹಿಡ್ಕೊಳ್ಳೋಕೆ ಕಂಬಿ ಇಲ್ಲ, ನಡೆಯಕ್ಕಾಗದ ಮಕ್ಕಳಿಗೇ ಇರೋ ರೂಮಿಗೆ ಮೆಟ್ಲು ಅಂದ್ರೆ ಹೊಟ್ಟೆ ಉರಿಯುತ್ತೆ. ಟಾಯ್ಲೆಟ್ ಬಾಗ್ಲಲ್ಲಿ ವೀಲ್‌ಚೇರ್ ತೂರಲ್ಲ. ಸಲಕರಣೆ ಕೊಡೋ ಕ್ಯಾಂಪಲ್ಲಿ ಮಗಳ ವೀಲ್‌ಚೇರಿಗೆ ಅಳತೆ ತಗೊಂಡಿದ್ದು ಜೂನಲ್ಲಿ, ಕೈಗೆ ಬಂದಿದ್ದು ಫೆಬ್ರವರಿಲಿ, ಅಷ್ಟರಲ್ಲಿ ಮಗು ಬೆಳೆದು ಪಾದ ಇಡೋ ಹಲಗೆ ಸರಿಯಾಗಿ ಸಿಗ್ತಿರ್ಲಿಲ್ಲ, ಮನೆ ಹತ್ರದ ವೆಲ್ಡಿಂಗ್ ಅಂಗಡೀಲಿ ಇಳಿಸ್ಕೊಂಡ್ವಿ. ಓಡಾಟದ ಭತ್ಯೆನೂ ತಡ. ಇದ್ಯಾವುದೂ ಮೇಡಂ ತಪ್ಪಲ್ಲ, ತಾಲೂಕಿನ ಅಷ್ಟೂ ಶಾಲೆ ಅವ್ರೊಬ್ರೇ ಸುತ್ತಬೇಕು ಅಂದ್ರೆ ಎಷ್ಟು ಅಂತ ಮಾಡ್ತಾರೆ, ಇನ್ನೊಬ್ರನ್ನ ಕೊಡ್ಲೇಬೇಕು.

ನನ್ ಕಡೆಯಿಂದ 5ಕ್ಕೆ 4. ಹೋಗೋರು ಮಗುವಿನ ಆಧಾರ್, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಜೆರಾಕ್ಸ್ ಇಟ್ಕೊಳ್ಳಿ, ಕಾರ್ಡ್ ಇನ್ನೂ ಆಗಿಲ್ಲ ಅಂದ್ರೂ ಹೋಗಿ, ಮಾಡ್ಸೋದು ಹೆಂಗೆ ಅಂತ ಅಲ್ಲೇ ಹೇಳ್ತಾರೆ. ನಿರಾಮಯ ಅನ್ನೋ ಆರೋಗ್ಯ ಇನ್ಶೂರೆನ್ಸ್ ಬಗ್ಗೆನೂ ಕೇಳಿ, ಸಿಪಿ, ಆಟಿಸಂ, ಬುದ್ಧಿಮಾಂದ್ಯ ಮಕ್ಕಳಿಗೆ 1 ಲಕ್ಷದವರೆಗೆ ಇದೆ. ಫಿಸಿಯೋ ಬರೋ ದಿನ ಮಾತ್ರ ಬೆಳಿಗ್ಗೆ 10ಕ್ಕೇ ತಲುಪಿ, 11ರ ಮೇಲೆ ಮ್ಯಾಟ್ ಖಾಲಿ ಇರಲ್ಲ.